ಕಹಿ ತಿಳಿಯದ ನಾಲಿಗೆ

ಆಂಜನಮ್ಮ ಮದುವೆಯಾಗಿ ಜೋಗುಪಾಳ್ಯಕ್ಕೆ ಹೊರಟ ದಿನ ಅವಳ ತಾಯಿ ಗಾಡಿಯ ಹಿಂದೆ ನಿಂತು ಮಗಳ ಕಿವಿಯಲ್ಲಿ ಹೇಳಿದ್ದು ಇಷ್ಟೆ: "ಕೇಳಿದ್ದಕ್ಕೆ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಅದಕ್ಕಿಂತ ಉದ್ದ ಬೇಡ. ಒಂದು ಮಗು ಆಗ್ಲಿ, ಆಮೇಲೆ ಯಾರು ಏನು ಮಾಡ್ತಾರೆ?"

ಆಂಜನಮ್ಮನಿಗೆ ಉಗ್ಗು ಇತ್ತು. ಕೃಷ್ಣರಾಜಪುರದ ಆಚೆಯ ಅವಳ ಹಳ್ಳಿಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಂಡಿನ ಕಡೆಯವರಿಗೆ ಮಾತ್ರ ಗೊತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಜಡೆ ನೋಡುತ್ತಾರೆ, ಕೈಕಾಲು ನೋಡುತ್ತಾರೆ, ಒಂದು ಸಲ ನಡೆಸಿ ನೋಡುತ್ತಾರೆ. ಮಾತಾಡಮ್ಮ ಎಂದು ಯಾರು ಕೇಳುತ್ತಾರೆ? ತಲೆ ತಗ್ಗಿಸಿ ಕೂತ ಹುಡುಗಿಯನ್ನು ಮೆಚ್ಚಿಕೊಂಡು ಚಿಕ್ಕಮುನಿಯಮ್ಮ ತಾಂಬೂಲ ಬದಲಾಯಿಸಿಕೊಂಡು ಬಂದಳು. ಮೂರು ತಿಂಗಳಾದ ಮೇಲೂ ಕೇರಿಯ ಹೆಂಗಸರ ಮುಂದೆ ಅವಳ ಹೆಮ್ಮೆ ಅದೇ. "ನಮ್ಮ ಸೊಸೆ ಮನೇಲಿ ಇದ್ದಾಳೋ ಇಲ್ವೋ ಗೊತ್ತಾಗಲ್ಲ. ಬಾಯಿ ಅನ್ನೋದೇ ಇಲ್ಲ."

ಯುದ್ಧದ ಕಾಲ ಅದು. ಮನೆಯವರ ಹೊಲವಿದ್ದ ಕಡೆ ಮಿಲಿಟರಿಯ ತಗಡಿನ ಶೆಡ್ಡುಗಳು ಎದ್ದಿದ್ದವು. ಉಳಿದದ್ದು ಎಮ್ಮೆಗಳು, ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಒಂದು ಹುಲ್ಲಿನ ಬಣವೆ. ಆಂಜನಮ್ಮನ ಗಂಡ ಮುನಿನಾರಾಯಣಪ್ಪ ಬೆಳಕು ಹರಿಯುವ ಮೊದಲೇ ಹಾಲು ಕರೆದು, ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಆಫೀಸರುಗಳ ಮೆಸ್ಸಿಗೆ ಹೋಗಿಬಿಡುತ್ತಿದ್ದ. ಅತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಸೊಸೆ ಹುಲ್ಲು ಹಿರಿಯಲು ಬಣವೆಗೆ ಬರುತ್ತಿದ್ದಳು. ಇಡೀ ದಿನದಲ್ಲಿ ಅವಳು ಒಬ್ಬಳೇ ಇರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಮಾತಾಡುತ್ತಿದ್ದದ್ದೂ ಆಗಲೇ, ಎಮ್ಮೆಯ ಜೊತೆ.

ಅದು ಪಕ್ಕದ ಮನೆಯ ಖುರ್ಷೀದಾಳ ಕಿವಿಗೆ ಬಿತ್ತು. ಅವಳ ಗಂಡ ಜಿಯಾವುಲ್ಲಾ ಜಟಕಾ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಗೋಡೆಯ ಮೇಲೆ ಅವಳ ತಲೆ ಕಾಣಿಸಿತು.

"ಅರೆ, ನಿಂಗೆ ಮಾತು ಸಿಕ್ಕಾಕ್ಕೊಳ್ಳುತ್ತಾ? ಅದಕ್ಕೇನಾ ಹೂಂ ಹೂಂ ಅಂತ ಇರೋದು? ಹೆದರ್ಕೋಬೇಡ, ನಾನು ಯಾರ್ಗೂ ಹೇಳಲ್ಲ. ನನ್ ತಮ್ಮಂಗೂ ಹಿಂಗೇ ಇತ್ತು."

ಮುಂದಿನ ವಾರ ರಸೆಲ್ ಮಾರುಕಟ್ಟೆಗೆ ಹೋದವಳು ಅಲ್ಲೇ ಹತ್ತಿರದ ಗಿಡಮೂಲಿಕೆ ಅಂಗಡಿಯಿಂದ ಅಕ್ಕಲಕರೆ ಬೇರು ತಂದುಕೊಟ್ಟಳು. ಬರೀ ಹೊಟ್ಟೆಯಲ್ಲಿ ಒಂದು ಚೂರು ಅಗಿದು ನಾಲಿಗೆಗೆಲ್ಲ ತಿಕ್ಕಬೇಕು. ಬಾಯಿ ಚುರುಗುಟ್ಟಿ ಜೊಲ್ಲು ಸುರಿಯುತ್ತದೆ, ಉಗುಳಬೇಕು. ನಾಲಿಗೆ ದಪ್ಪವಾಗಿ ತನ್ನದಲ್ಲ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಹೀಗೆ ದಿನಾ ಮಾಡಿದರೆ ನಾಲಿಗೆ ಹದಕ್ಕೆ ಬರುತ್ತದೆ ಎಂದಳು ಖುರ್ಷೀದಾ. ಹದಕ್ಕೆ ಬಂತೋ ಇಲ್ಲವೋ ಎಮ್ಮೆಯೇ ಹೇಳಬೇಕು. ಆದರೆ ಆಂಜನಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಬೇರನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೇ ಇರುತ್ತಿದ್ದಳು.

ಶ್ರಾವಣದ ಆ ಬೆಳಿಗ್ಗೆ ಅವಳು ದಿನದ್ದಕ್ಕಿಂತ ದೊಡ್ಡ ಚೂರನ್ನು ಕಡಿದುಕೊಂಡಿದ್ದಳು. ಮಧ್ಯಾಹ್ನ ನಾದಿನಿ ಬರುವವಳಿದ್ದಳು. ಅವಳು ಸುಮ್ಮನಿದ್ದವರನ್ನೂ ಕೆದಕಿ ಮಾತಾಡಿಸುವ ಹೆಂಗಸು. ಬಾಯಿ ತುಂಬ ಬೇರಿಟ್ಟುಕೊಂಡು, ಬಣವೆಯ ಬುಡದಲ್ಲಿ ಸಡಿಲವಾಗಿ ಬಿದ್ದಿದ್ದ ಹುಲ್ಲಿನ ಮೇಲೆ ಬರಿಗಾಲಿಟ್ಟಳು. ಹಿಮ್ಮಡಿಯ ಮೇಲೆ ಚುಚ್ಚಿದಂತಾಯಿತು. ಕಾಲೆತ್ತುವ ಹೊತ್ತಿಗೆ ಹುಲ್ಲು ಸರಸರ ಎಂದಿತು. ಉದ್ದನೆಯದೊಂದು ಕಂದು ಬಣ್ಣದ ಮೈ ಬೇಲಿಯ ಪಾಪಾಸುಕಳ್ಳಿಯ ಕೆಳಗೆ ಸರಿದುಹೋಯಿತು. ತಲೆ ಕಾಣಲಿಲ್ಲ. ಬಾಲ ಕಂಡಿತು.

ಅವಳು ಕಿರುಚಿದಳು. ಕಿರುಚುವುದಕ್ಕೆ ಉಗ್ಗಿಲ್ಲ.

ಚಿಕ್ಕಮುನಿಯಮ್ಮ ಓಡಿ ಬಂದಳು. ಹಿಮ್ಮಡಿಯ ಮೇಲೆ ಪಕ್ಕಪಕ್ಕದಲ್ಲಿ ಎರಡು ರಕ್ತದ ಚುಕ್ಕಿ. ಸೊಸೆಯ ಕೈ ಬೇಲಿಯ ಕಡೆ ತೋರಿಸುತ್ತಿತ್ತು. ಕೇಳಬೇಕಾದ್ದೇನೂ ಉಳಿಯಲಿಲ್ಲ. ಕರುವಿನ ಹಗ್ಗ ಬಿಚ್ಚಿ ಮೊಣಕಾಲಿನ ಕೆಳಗೆ ಸುತ್ತಿ, ಮಂಡಿ ಒತ್ತಿ ಹಿಡಿದು ಬಿಗಿದಳು. "ಖುರ್ಷೀದಾ! ಗಾಡಿ ಇದ್ಯಾ? ನನ್ನ ಸೊಸೆಗೆ ಹಾವು ಕಚ್ತು!" ಎಂದು ಗೋಡೆಯ ಕಡೆ ಕೂಗಿದಳು.

"ಸ್ಟೇಷನ್‌ಗೆ ಹೋಗವ್ರೆ ಅಮ್ಮಾ, ಬರೋ ಹೊತ್ತಾಯ್ತು! ರೋಡಲ್ಲೇ ನಿಂತು ಹಿಡ್ಕೊಂಡ್ ಬರ್ತೀನಿ!" ಖುರ್ಷೀದಾ ಬುರ್ಖಾ ಅರ್ಧ ಹಾಕಿಕೊಂಡೇ ಬೀದಿಗೆ ಓಡಿದಳು.

ಕೂಗು ಕೇಳಿ ಎದುರುಗಡೆಯಿಂದ ಚಲುವಯ್ಯ ಬಂದ. ಅವನು ಕುದುರೆಗಳಿಗೆ ಲಾಳ ಹೊಡೆಯುವವನು. ಜಟಕಾಗಳು ಬೀದಿಗೆ ಬೀಳುವ ಮೊದಲೇ ಅವನ ಕುಲುಮೆ ಉರಿಯುತ್ತಿತ್ತು. ಹೋದ ವರ್ಷ ಇದೇ ಶ್ರಾವಣದಲ್ಲಿ ಅವನ ಮಗನಿಗೆ ಕೆರೆಯ ಹತ್ತಿರ ಹಾವು ಕಚ್ಚಿತ್ತು. ಹದಿನೆಂಟರ ಹುಡುಗ. ವಿಷ ಏರಿದವರಿಗೆ ಬೇವಿನ ಕಹಿ ತಿಳಿಯುವುದಿಲ್ಲವಂತೆ; ಬೇವಿನ ಸೊಪ್ಪು ಕೊಟ್ಟರೆ ವೀಳ್ಯದೆಲೆ ತಿಂದಂತೆ ತಿಂದ, ಮುಖ ಕಿವುಚಲಿಲ್ಲ. ಬಾಯಿಂದ ಜೊಲ್ಲು ಇಳಿಯಿತು. ನಾಲಿಗೆ ದಪ್ಪವಾಗಿ ಮಾತು ನಿಂತಿತು. ಆಸ್ಪತ್ರೆಗೆ ಹೊರಟ ಜಟಕಾ ರಸೆಲ್ ಮಾರುಕಟ್ಟೆ ಮುಟ್ಟುವ ಮೊದಲೇ ಅವನು ಅಪ್ಪನ ತೊಡೆಯ ಮೇಲೆ ಹೋಗಿಬಿಟ್ಟ. ಅಂದಿನಿಂದ ಚಲುವಯ್ಯ ಕೇರಿಯಲ್ಲಿ ಯಾರ ಕಾಲಿಗೆ ಮುಳ್ಳು ಚುಚ್ಚಿದರೂ ಓಡಿ ಬರುತ್ತಿದ್ದ. ಜನ ಅವನನ್ನು ಕೇಳುತ್ತಿದ್ದರು. ಮಗನನ್ನು ಕಳೆದುಕೊಂಡವನ ಮಾತಿಗೆ ಎದುರಾಡುವುದು ಸುಲಭವಲ್ಲ.

"ಸೊಪ್ಪು ಕೊಟ್ರಾ ಅಕ್ಕ?" ಎಂದು ಕೇಳುತ್ತಲೇ ಅವನು ಬಾಗಿಲ ಬೇವಿನ ಮರದ ಟೊಂಗೆ ಎಳೆದು ಒಂದು ಹಿಡಿ ಕಿತ್ತ. "ಅಗಿಯಮ್ಮ. ಚೆನ್ನಾಗಿ ಅಗಿ. ಕಹಿ ಅದ್ಯಾ?"

ಆಂಜನಮ್ಮ ಅಗಿದಳು. ಏನೂ ಇಲ್ಲ. ಒಣ ಹುಲ್ಲು ಅಗಿದಂತೆ. ಎಳೆಯ ಬೇವಲ್ಲ, ಬಲಿತ ಸೊಪ್ಪು, ಗಂಟಲು ಕಟ್ಟಿಸಬೇಕಾದ ಸೊಪ್ಪು. ವಿಷ ಏರಿಬಿಟ್ಟಿದೆ. ಅತ್ತೆಯ ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ," ಎಂದಳು ಚಿಕ್ಕಮುನಿಯಮ್ಮ. ಅಷ್ಟೇ. ಕೂಗಾಡಲಿಲ್ಲ. ಕೂಗಾಡಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲ.

ತುಟಿಯ ಮೂಲೆಯಿಂದ ಹಸಿರು ಜೊಲ್ಲು ಇಳಿದು ಆಂಜನಮ್ಮನ ಕೈ ಮೇಲೆ ಬಿತ್ತು. ಅದರಲ್ಲಿ ಬೇರಿನ ನಾರಿತ್ತು. ಆಗ ಅವಳಿಗೆ ನೆನಪಾಯಿತು. ಬೇರು! ದಿನಾ ಹೀಗೇ ಆಗುತ್ತದಲ್ಲ. ದಿನಾ ಜೊಲ್ಲು, ದಿನಾ ದಪ್ಪ ನಾಲಿಗೆ. ಈ ಹೊತ್ತಿನಲ್ಲಿ ಯಾರು ಬೇವು ಕೊಟ್ಟಿದ್ದರೂ ಅವಳಿಗೆ ಕಹಿ ತಿಳಿಯುತ್ತಿರಲಿಲ್ಲ. ಒಂದು ಉಸಿರಿನಷ್ಟು ಕಾಲ ಬದುಕಿದೆ ಅನ್ನಿಸಿತು.

ಮರು ಉಸಿರಿಗೆ ಆ ಧೈರ್ಯವೂ ಹೋಯಿತು. ಬೇರು ತಿಂದರೆ ಹೀಗಾಗುತ್ತದೆ, ನಿಜ. ಹಾವು ಕಚ್ಚಿದರೂ ಹೀಗೇ ಆಗುತ್ತದಂತೆ. ಒಂದೇ ಬಾವಿಗೆ ಎರಡು ಓಣಿಯಿಂದ ದಾರಿಯಿದ್ದರೆ, ಬಾವಿಯ ಕಟ್ಟೆ ಮೇಲೆ ಕೂತವರನ್ನು ನೋಡಿ ಯಾವ ಓಣಿಯಿಂದ ಬಂದರು ಎಂದು ಹೇಳುವುದು ಹೇಗೆ? ಅವಳ ನಾಲಿಗೆಯನ್ನು ಕೊಂದದ್ದು ಬೇರೋ, ವಿಷವೋ, ಎರಡೂ ಸೇರಿಯೋ, ಅವಳಿಗೇ ಗೊತ್ತಿರಲಿಲ್ಲ.

ಚಲುವಯ್ಯ ಅವಳ ಗಲ್ಲ ಹಿಡಿದು ಮುಖ ಎತ್ತಿದ. "ಕಹಿ ಇಲ್ಲ. ಜೊಲ್ಲು ಬಂತು. ಮಾತಾಡಮ್ಮ, ಏನಾದ್ರೂ ಹೇಳು, ನಿನ್ನ ಗಂಡನ್ ಹೆಸ್ರು ಹೇಳು, ಪರ್ವಾಗಿಲ್ಲ."

ಅವಳು ಬಾಯಿ ತೆರೆದಳು. ಬೇರಿನ ವಿಷಯ ಹೇಳಬೇಕು ಎಂದುಕೊಂಡಳು. ದಪ್ಪಗಾದ ನಾಲಿಗೆ, ಅದರ ಮೇಲೆ ಹುಟ್ಟಿನಿಂದ ಬಂದ ಉಗ್ಗು, ಅದರ ಮೇಲೆ ಭಯ. "ನಾ... ನಾ... ನಾ..." ಕುತ್ತಿಗೆಯ ನರ ಉಬ್ಬಿದವು. ಕಣ್ಣು ಅರ್ಧ ಮುಚ್ಚಿಕೊಂಡವು. ಮಾತು ಸಿಕ್ಕಿಕೊಂಡಾಗ ಅವಳ ಕಣ್ಣು ಯಾವಾಗಲೂ ಹಾಗೆ ಮುಚ್ಚಿಕೊಳ್ಳುತ್ತಿದ್ದವು. ಆ ಮನೆಯಲ್ಲಿ ಅದನ್ನು ಕಂಡವರು ಯಾರಿದ್ದರು?

"ಮಾತು ಬಿತ್ತು," ಎಂದ ಚಲುವಯ್ಯ. "ಕಣ್ಣೂ ಬೀಳ್ತಾ ಅದೆ. ನನ್ ಮಗಂಗೂ ಹಿಂಗೇ ಅಕ್ಕ. ಒಂದೊಂದೂ ಹಿಂಗೇ. ಗಾಡಿಗೆ ಕಾದ್ವಿ, ಕಾದ್ವಿ... ಕಾಯ್ಬಾರ್ದು. ಕಚ್ಚಿದ ಜಾಗಾನ ಸುಟ್ಬಿಡ್ಬೇಕು. ಮೂಳೆ ಕಂಡ್ರೂ ಸರಿ, ನರ ಹೋದ್ರೂ ಸರಿ. ಕಾಲು ಕುಂಟಾದ್ರೆ ಆಗ್ಲಿ, ಜೀವ ಉಳ್ಯುತ್ತೆ. ಅವತ್ತು ನಂಗೆ ಧೈರ್ಯ ಸಾಲ್ಲಿಲ್ಲ."

ಚಿಕ್ಕಮುನಿಯಮ್ಮ ಸೊಸೆಯ ಕಾಲು ನೋಡಿದಳು. ಹಗ್ಗದ ಕೆಳಗೆ ಅದು ಆಗಲೇ ಕಪ್ಪಾಗತೊಡಗಿತ್ತು. ಅದೂ ವಿಷವೆಂದೇ ಅವಳು ಎಣಿಸಿದಳು. "ತತ್ತಾ," ಎಂದಳು.

ಚಲುವಯ್ಯ ಕುಲುಮೆಗೆ ಓಡಿದ. ತಿದಿ ಒತ್ತುವ ಸದ್ದು ಈ ಮನೆಗೆ ಕೇಳಿಸುತ್ತಿತ್ತು, ಯಾರೋ ಏದುಸಿರು ಬಿಟ್ಟಂತೆ.

ಆಂಜನಮ್ಮ ತೆವಳಿ ಹಿಂದೆ ಸರಿದಳು. ಅತ್ತೆ ಅವಳ ಹೆಗಲು ಅದುಮಿ ಹಿಡಿದಳು. "ಅಲ್ಲಾಡ್ಬೇಡ ಮಗಾ, ಅಲ್ಲಾಡಿದ್ರೆ ಏರುತ್ತೆ. ಒಂದು ಗಳಿಗೆ, ನಾನು ಹಿಡ್ಕೋತೀನಿ, ಕಣ್ ಮುಚ್ಕೋ." ಅವಳ ಹಿಡಿತ ಎಮ್ಮೆ ಹಿಡಿದು ಪಳಗಿದ್ದು. ಬಿಡಿಸಿಕೊಳ್ಳುವಂತಿರಲಿಲ್ಲ.

ಬೇರಿನ ವಿಷಯ ಹೇಳಿದರೆ ಸುಡುವುದು ನಿಲ್ಲುತ್ತದೆ. ನಿಂತ ಮೇಲೆ, ಹಾವು ನಿಜವಾಗಿಯೂ ವಿಷದ್ದಾಗಿದ್ದರೆ? ಬೇರು ಬೇರು ಎಂದು ನಂಬಿಸಿ ತಾನೇ ತನ್ನನ್ನು ಕೊಂದುಕೊಂಡಂತೆ. ಹೇಳದಿದ್ದರೆ, ಬರೀ ಒಂದು ಬೇರಿನ ಚೂರಿಗಾಗಿ ಹಿಮ್ಮಡಿಯ ನರ ಸುಟ್ಟು, ಇಡೀ ಜನ್ಮ ಕಾಲೆಳೆದುಕೊಂಡು ನಡೆಯುವುದು. ಹೇಳಿದರೆ ಉಗ್ಗೂ ಹೊರಬೀಳುತ್ತದೆ, ಅವ್ವನ ಮೋಸವೂ ಹೊರಬೀಳುತ್ತದೆ. ಇದನ್ನೆಲ್ಲ ತೂಗಿ ನೋಡಲು ಅವಳಿಗೆ ಹೊತ್ತಿರಲಿಲ್ಲ. ತಿದಿಯ ಸದ್ದು ನಿಂತಿತು. ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು.

ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಿತ್ತಳು. ಬೇರಿನ ತುಂಡನ್ನು ಎತ್ತಿ ಅತ್ತೆಯ ಬಾಯಿಗೆ ತುರುಕಿದಳು.

ಮೂರು ತಿಂಗಳಿಂದ ಕಣ್ಣೆತ್ತಿ ನೋಡದ ಸೊಸೆ ಬಾಯಿಗೆ ಕೈ ಹಾಕಿದ್ದಾಳೆ. ಚಿಕ್ಕಮುನಿಯಮ್ಮ ಬೆಚ್ಚಿ ಉಗುಳಲು ಹೋದಳು. ಸೊಸೆ ಅವಳ ದವಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ತನ್ನ ಹಲ್ಲು ಕಡಿದು ತೋರಿಸಿದಳು. ಅಗಿ. ಅಗಿ. ವಿಷ ತಲೆಗೇರಿತೇನೋ ಎಂದು ಹೆದರಿ, ಸಮಾಧಾನ ಮಾಡಲಾದರೂ ಆಗಲಿ ಎಂದು ಅತ್ತೆ ಅಗಿದಳು. ಬಾಯೆಲ್ಲ ಚುರುಗುಟ್ಟಿತು. ನಾಲಿಗೆಯ ಮೇಲೆ ಇರುವೆ ಹರಿದಂತಾಯಿತು. ಜೊಲ್ಲು ತುಂಬಿ ತುಟಿಯಿಂದಾಚೆ ಬಂತು. ಆಂಜನಮ್ಮ ಬೇವಿನ ಸೊಪ್ಪು ಎತ್ತಿ ಅವಳ ಬಾಯಿಗಿಟ್ಟಳು.

ಚಿಕ್ಕಮುನಿಯಮ್ಮ ಅಗಿಯುತ್ತಾ ಹೋದಳು. ಅವಳ ದವಡೆ ನಿಧಾನವಾಯಿತು. ಆಮೇಲೆ ನಿಂತಿತು. ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಇದನ್ನ ತಿಂದಿದ್ಯಾ? ಬೆಳಿಗ್ಗೆ?"

"ಹೂಂ."

"ಯಾಕೆ?"

ಆಂಜನಮ್ಮ ತನ್ನ ನಾಲಿಗೆ ಮುಟ್ಟಿ ತೋರಿಸಿದಳು. ಉಗ್ಗುವುದನ್ನು ನಟಿಸಿ ತೋರಿಸಿದಳು. ನಟಿಸಬೇಕಾಗಿಯೂ ಇರಲಿಲ್ಲ. "ಹು... ಹು... ಹುಟ್ಟಿ... ಹುಟ್ಟಿದಾಗ್ನಿಂದ."

ಆ ಹೊತ್ತಿಗೆ ಚಲುವಯ್ಯ ಇಕ್ಕಳದಲ್ಲಿ ಕಬ್ಬಿಣದ ಸರಳು ಹಿಡಿದು ಒಳಗೆ ಬಂದಿದ್ದ. ತುದಿ ಮಾವಿನ ಚಿಗುರಿನಂತೆ ಕೆಂಪಗಿತ್ತು. ಅದರ ಬಿಸಿ ಆಂಜನಮ್ಮನ ಮೊಣಕಾಲಿಗೆ ತಟ್ಟಿತು.

"ಹಿಡ್ಕೊ ಅಕ್ಕ, ಗಟ್ಟಿಯಾಗಿ."

"ತಡಿ," ಎಂದಳು ಚಿಕ್ಕಮುನಿಯಮ್ಮ. ಮಾತು ತೊದಲಾಗಿ ಬಂತು. ಗಲ್ಲದ ಮೇಲಿಂದ ಜೊಲ್ಲು ಇಳಿಯಿತು. ಚಲುವಯ್ಯ ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ನಿಂಗೇನಾಯ್ತು?"

"ನಂಗೂ ಬೇವು ಕಹಿ ಇಲ್ಲ ಕಣೋ ಚಲುವಯ್ಯ. ಜೊಲ್ಲೂ ಬಂತು, ನಾಲ್ಗೇನೂ ಬಿತ್ತು. ನಂಗ್ಯಾವ್ ಹಾವು ಕಚ್ತು, ಹೇಳು?" ಬೇರಿನ ತುಂಡನ್ನು ಅಂಗೈಗೆ ಉಗುಳಿ ತೋರಿಸಿದಳು. "ಇದನ್ನ ತಿಂದವ್ಳೆ ಹುಡುಗಿ. ಮಾತು ಬಿದ್ದಿದ್ದಲ್ಲ, ಇವಳ ಮಾತೇ ಹಿಂಗಂತೆ."

ಚಲುವಯ್ಯ ಬೇರನ್ನೂ ನೋಡಿದ, ಹಿಮ್ಮಡಿಯ ಎರಡು ಚುಕ್ಕಿಗಳನ್ನೂ ನೋಡಿದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ದಿಗಿಲಿತ್ತು. "ಹಾವು ಕಂಡವ್ಳೆ ಅಲ್ವಾ ಅಕ್ಕ! ಬೇರು ತಿಂದವ್ರಿಗೆ ಹಾವು ಕಚ್ಬಾರ್ದು ಅಂತ ಏನಾದ್ರೂ ಅದ್ಯಾ? ಇವಳ ಮೈಯಲ್ಲಿ ವಿಷ ಇಲ್ಲ ಅಂತೀಯಾ ನೀನು?"

"ಇಲ್ಲ ಅಂತ ನಾನು ಹೇಳಲ್ಲ. ಇದೆ ಅಂತ ನೀನೂ ಹೇಳ್ಬೇಡ."

"ನನ್ ಮಗ..."

"ನಿನ್ ಮಗಂಗೆ ವಿಷ ಏರಿತ್ತು, ಅದಕ್ಕೆ ಕಹಿ ಹೋಯ್ತು. ಒಪ್ಪಿದೆ. ಕಹಿ ಹೋದವ್ರಿಗೆಲ್ಲ ವಿಷ ಏರಿರುತ್ತೆ ಅಂತ ಯಾರ್ ಹೇಳಿದ್ರು? ನಾನು ಕೂತಿಲ್ವಾ ಇಲ್ಲಿ ಕಲ್ಲುಗುಂಡಿನ ಹಂಗೆ?"

"ಕೊನೆಗೆ ಏನಾದ್ರೂ ಆದ್ರೆ?" ಅವನು ಸರಳನ್ನು ಇಳಿಸಲಿಲ್ಲ. "ನಾನು ಸರಳು ಹಿಡ್ಕೊಂಡ್ ನಿಂತೂ ಸುಮ್ನಿದ್ದೆ ಅಂತ ಆಗುತ್ತೆ. ಎರಡನೇ ಸಲ. ನನ್ ಕೈಲಿ ಆಗಲ್ಲ ಅಕ್ಕ."

ಸರಳಿನ ತುದಿ ಕೆಂಪಿನಿಂದ ಕಂದಿಗೆ ತಿರುಗುತ್ತಿತ್ತು. ಆಂಜನಮ್ಮ ಅದನ್ನೇ ನೋಡುತ್ತಿದ್ದಳು. ಅದು ಆರುವ ತನಕ ಯಾರೂ ಏನೂ ಮಾಡದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದಳು. ಆರಿದ ಮೇಲೆ, ಆರಬಾರದಿತ್ತೇನೋ ಎಂದು ಹೆದರಿದಳು.

ಬೀದಿಯಲ್ಲಿ ಕುದುರೆಯ ಸದ್ದಾಯಿತು. ಖುರ್ಷೀದಾ ಕೂಗುತ್ತಾ ಬಂದಳು. "ಬಂದ್ರು ಅಮ್ಮಾ! ಹತ್ತಿ, ಹತ್ತಿ!"

ಜಿಯಾವುಲ್ಲಾ ಪ್ರಶ್ನೆ ಕೇಳುವವನಲ್ಲ. ಹುಡುಗಿಯನ್ನು ಎತ್ತಿ ಹುಲ್ಲಿನ ಮೆತ್ತೆಯ ಮೇಲೆ ಮಲಗಿಸಿದ, ಅತ್ತೆಯನ್ನು ಹತ್ತಿಸಿದ, ಚಾವಟಿ ಎತ್ತಿದ. ಚಿಕ್ಕಮುನಿಯಮ್ಮ ಬೇವಿನ ಟೊಂಗೆಯನ್ನು ಜೊತೆಗೇ ತಂದಿದ್ದಳು. ಚಲುವಯ್ಯ ಆರಿದ ಸರಳು ಹಿಡಿದು ಬೀದಿಯಲ್ಲಿ ನಿಂತಿದ್ದ. ಗಾಡಿ ತಿರುಗುವ ತನಕ ನಿಂತೇ ಇದ್ದ.

"ನಿಂದು ನಾಲ್ಗೆ ಎಷ್ಟು ಹೊತ್ತಿಗೆ ಬಿಡುತ್ತೆ ದಿನಾ?" ಎಂದು ಕೇಳಿದಳು ಅತ್ತೆ, ಹಲಸೂರು ಕೆರೆಯ ಪಕ್ಕದಲ್ಲಿ ಹೋಗುವಾಗ.

ಆಂಜನಮ್ಮ ಬೆರಳು ಮಡಿಸಿ ಬಿಚ್ಚಿ ತೋರಿಸಲು ನೋಡಿದಳು. ಹೊತ್ತನ್ನು ಬೆರಳಿನಲ್ಲಿ ತೋರಿಸುವುದು ಹೇಗೆ? ಒಲೆ ಉರಿಸಿ ಮುದ್ದೆಗೆ ಎಸರಿಡುವ ಹೊತ್ತಿಗೆ ಸರಿಹೋಗುತ್ತಿತ್ತು. "ಎ... ಎಸರು," ಎಂದಳು.

"ಎಸರು ಕಾಯೋ ಹೊತ್ತಿಗಾ? ಸರಿ. ಹಂಗಾದ್ರೆ ಬೇರಿನ ಆಟ ಇನ್ನೇನು ಮುಗೀಬೇಕು. ನಿಂಗೆ ಮೊದ್ಲು ಕಹಿ ತಿಳೀಬೇಕು, ನಂಗೆ ಆಮೇಲೆ. ಬರ್ಲಿ ಬಿಡು, ಬರುತ್ತೆ."

ಕೆರೆ ದಾಟಿದ ಮೇಲೆ ಮಿಲಿಟರಿ ಲಾರಿಗಳ ಸಾಲು ರಸ್ತೆಗೆ ಅಡ್ಡ ಬಂತು. ಒಂದರ ಹಿಂದೆ ಒಂದು, ಕೊನೆಯೇ ಕಾಣಲಿಲ್ಲ. ಜಿಯಾವುಲ್ಲಾ ಎದ್ದು ನಿಂತು ಕೈಬೀಸಿದ, ಉರ್ದುವಿನಲ್ಲಿ ಬೈದ, ಇಂಗ್ಲಿಷಿನಲ್ಲಿ ಬೇಡಿದ. ಸಾಲು ಸಾಗುತ್ತಲೇ ಇತ್ತು. ಧೂಳಿನಲ್ಲಿ ಕುದುರೆ ಸೀನಿತು.

ಅಲ್ಲಿ ನಿಂತಿರುವಾಗಲೇ ಚಿಕ್ಕಮುನಿಯಮ್ಮನ ನಾಲಿಗೆ ಮರಳಿ ಬಂತು. ಮೊದಲು ತುದಿ, ಆಮೇಲೆ ಅಂಚು. ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಬೇವು ನಿಧಾನವಾಗಿ ಕಹಿಯಾಯಿತು. ತಾನು ಆಮೇಲೆ ತಿಂದವಳು. ತನಗೆ ಮೊದಲು ಬಂದುಬಿಟ್ಟಿತು. ಸೊಸೆಯ ತುಟಿಯಿಂದ ಇನ್ನೂ ಎಳೆ ಎಳೆಯಾಗಿ ಜೊಲ್ಲು ಇಳಿಯುತ್ತಿತ್ತು.

ಚಿಕ್ಕಮುನಿಯಮ್ಮ ಒಣಗಿದ ತನ್ನ ತುಟಿಯನ್ನೇ ಸೆರಗಿನಿಂದ ಮತ್ತೆ ಮತ್ತೆ ಒರೆಸಿಕೊಂಡಳು. ಆದರೆ ಗಾಡಿಯಲ್ಲಿ ಮಲಗಿ ಮೇಲೆ ನೋಡುತ್ತಿದ್ದವಳಿಗೆ ಬೇರೆ ನೋಡಲು ಏನಿತ್ತು? ಅತ್ತೆಯ ಸೆರಗು ಒದ್ದೆಯಾಗುತ್ತಿಲ್ಲವೆಂದು ಆಂಜನಮ್ಮನಿಗೆ ಗೊತ್ತಾಯಿತು. ಅವಳು ಅತ್ತೆಯ ಕೈ ಹಿಡಿದು ಕೇಳುವಂತೆ ನೋಡಿದಳು.

"ಇನ್ನೂ ಬಂದಿಲ್ಲ ಕಣೆ ನಂಗೆ," ಎಂದಳು ಚಿಕ್ಕಮುನಿಯಮ್ಮ. ಸುಳ್ಳನ್ನು ಸ್ಪಷ್ಟವಾದ ನಾಲಿಗೆಯಲ್ಲಿ ಹೇಳಿಬಿಟ್ಟಿದ್ದಳು. ಇಬ್ಬರಿಗೂ ಅದು ಕೇಳಿಸಿತು.

ಆಂಜನಮ್ಮನ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಚಿಕ್ಕಮುನಿಯಮ್ಮ ಬಾಗಿ ಕೇಳಿದಳು. "ಎಷ್ಟು ತಿಂದೆ ಇವತ್ತು? ನಾನು ತಿಂದಿದ್ದು ಇಷ್ಟು, ಅರ್ಧ ಉಗುಳಿದೆ. ನೀನು?"

ಆಂಜನಮ್ಮ ಕಿರುಬೆರಳನ್ನು ಅರ್ಧಕ್ಕೆ ಹಿಡಿದು ತೋರಿಸಿದಳು.

"ಅಷ್ಟಾ! ಹಂಗಿದ್ರೆ ತಡ ಆಗುತ್ತೆ, ಆಗ್ಲೇಬೇಕು," ಎಂದಳು ಅತ್ತೆ. ಹೇಳುತ್ತಿದ್ದದ್ದು ಸೊಸೆಗೋ ತನಗೋ ತಿಳಿಯದಂತಿತ್ತು. ಲಾರಿಗಳ ಸಾಲು ಮುಗಿದಿತ್ತು. "ಹೊಡಿಯಪ್ಪಾ ಜಿಯಾವುಲ್ಲಾ!"

ಗಾಡಿ ಓಡಿತು. ಪ್ರತಿ ತಿರುವಿನಲ್ಲೂ ಚಿಕ್ಕಮುನಿಯಮ್ಮ ಒಂದೊಂದು ಎಲೆ ಕಿತ್ತು ಸೊಸೆಯ ಬಾಯಿಗಿಟ್ಟಳು. ಪ್ರತಿ ಸಲವೂ ಸೊಸೆ ತಲೆಯಾಡಿಸಿದಳು. ಇಲ್ಲ. ಇಲ್ಲ. ಅವಳ ಕಾಲಿನ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ಬಂದಿದ್ದವು, ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅತ್ತೆ ಒಂದೊಂದು ಸಲ ಅವಳ ರೆಪ್ಪೆ ಎತ್ತಿ ನೋಡುತ್ತಿದ್ದಳು, ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವಂತೆ.

ರಸೆಲ್ ಮಾರುಕಟ್ಟೆಯ ಗಡಿಯಾರ ಕಾಣಿಸುವ ಹೊತ್ತಿಗೆ ಆಂಜನಮ್ಮ ಮುಖ ಕಿವುಚಿದಳು. ನೋವಿಗೋ ಎಂದು ಅತ್ತೆ ಬೆದರಿದಳು. ಆಂಜನಮ್ಮ ಗಂಟಲು ಹಿಡಿದುಕೊಂಡು, ಉಗುಳಿ, ಮತ್ತೆ ಮುಖ ಕಿವುಚಿದಳು.

"ಕ... ಕ..." ಕಣ್ಣು ಅರ್ಧ ಮುಚ್ಚಿದವು, ನರ ಉಬ್ಬಿದವು. ಈ ಸಲ ಅತ್ತೆ ಬಾಯಿ ಹಾಕದೆ ಕಾದಳು. "ಕಹಿ!"

ಜಿಯಾವುಲ್ಲಾ ಲಗಾಮು ಎಳೆದು ಗಾಡಿ ನಿಲ್ಲಿಸಿಯೇಬಿಟ್ಟ. "ಯಾ ಅಲ್ಲಾ! ಬಚಾವ್ ಮಾಡ್‌ಬಿಟ್ಟೆ! ಅಮ್ಮಾ, ಕಹಿ ಬಂತಲ್ಲ, ವಿಷ ಇಲ್ಲ ಅಂತಾಯ್ತಲ್ಲ? ತಿರುಗಿಸ್ಲಾ ಮನೇಗೆ?"

ಚಿಕ್ಕಮುನಿಯಮ್ಮ ಅಳುತ್ತಿದ್ದಳು. ಅಳುತ್ತಲೇ ಬೈದಳು. "ಯಾಕೆ ತಿರುಗಿಸ್ತೀಯ? ಈಗ್ತಾನೆ ಕಹಿ ಇ‌ಲ್ಲ ಅಂತ ಹುಡುಗಿ ಕಾಲು ಸುಡೋಕೆ ಹೋಗಿದ್ವಿ. ಈಗ ಕಹಿ ಇದೆ ಅಂತ ಮನೇಗೆ ಹೋಗಿ ಮಲಗೋದಾ? ಬೇರಿನ ಆಟ ಮುಗೀತು, ಅಷ್ಟೇ. ಹಾವಿಂದು ಇನ್ನೂ ಯಾರ್ಗೂ ಗೊತ್ತಿಲ್ಲ. ಹೊಡಿ ಮುಂದೆ!"

ಆಸ್ಪತ್ರೆಯಲ್ಲಿ ಯುವಕ ಡಾಕ್ಟರೊಬ್ಬರು ಮೊದಲು ನೋಡಿದ್ದು ಹಗ್ಗವನ್ನು. ಅದನ್ನು ಅಷ್ಟಷ್ಟೇ ಸಡಿಲಿಸುತ್ತಾ ಬಿಚ್ಚಿದರು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ದಿದ್ದರೆ ಹಾವು ಬೇಕಾಗಿರಲಿಲ್ಲ, ಹಗ್ಗವೇ ಕಾಲನ್ನು ತೆಗೆಯುತ್ತಿತ್ತು ಎಂದರು. ಬೇವಿನ ಕತೆ ಕೇಳಿ, "ನಾಲಿಗೆ ನೋಡಿ ವಿಷ ಹೇಳೋಕಾಗಲ್ಲಮ್ಮ, ಕಹಿ ಇದ್ರೂ ಇಲ್ದಿದ್ರೂ. ಹಾವು ಯಾವುದು ಅಂತ ನೋಡಿದ್ರಾ?" ಎಂದು ಕೇಳಿದರು. ಬಾಲ ನೋಡಿದ್ದಳು, ಕಂದು ಬಣ್ಣ ನೋಡಿದ್ದಳು. ಕಂದು ಬಣ್ಣಕ್ಕೆ ಕೇರೆಯೂ ಇದೆ, ನಾಗರವೂ ಇದೆ. ಡಾಕ್ಟರು ಚುಕ್ಕಿಗಳನ್ನು ಒತ್ತಿ ನೋಡಿದರು, ರೆಪ್ಪೆ ನೋಡಿದರು, ಉಸಿರು ಕೇಳಿದರು. ಈಗ ಏನೂ ಕಾಣಿಸುತ್ತಿಲ್ಲ, ಆದರೆ ಇದು ನಿಧಾನವಾಗಿಯೂ ಏರಬಹುದು, ನಾಳೆ ಬೆಳಗಿನ ತನಕ ಇಲ್ಲೇ ಇರಬೇಕು ಎಂದರು. ವಾರ್ಡು ತುಂಬಿತ್ತು. ವರಾಂಡದಲ್ಲಿ ಚಾಪೆ ಸಿಕ್ಕಿತು.

"ರೆಪ್ಪೆ ಇಳಿತಾ ಬಂದ್ರೆ ಕೂಗಿ. ಮಾತು ಬದಲಾದ್ರೆ ತಕ್ಷಣ ಕೂಗಿ."

"ಮಾತಾ ಸ್ವಾಮಿ?" ಚಿಕ್ಕಮುನಿಯಮ್ಮ ಕೈ ಮುಗಿದಳು. "ಮೂರು ತಿಂಗಳು ಮನೇಲಿ ಇಟ್ಕೊಂಡಿದೀನಿ. ಇವಳ ಮಾತು ಹೆಂಗಿರುತ್ತೆ ಅಂತಾನೇ ನಂಗೆ ಗೊತ್ತಿಲ್ಲ. ಬದಲಾದ್ರೆ ಹೆಂಗೆ ತಿಳೀಲಿ?"

ಡಾಕ್ಟರು ಆಂಜನಮ್ಮನ ಕಡೆ ನೋಡಿದರು. "ಹಾಗಿದ್ರೆ ಮಾತಾಡಿಸ್ತಾ ಇರಿ."

ಹಾಗೆ ಶುರುವಾಯಿತು. ಆಂಜನಮ್ಮ ಮೊದಲು ನಾಚಿದಳು, ಹೂಂ ಎಂದಳು, ಉಹೂಂ ಎಂದಳು. "ಹೂಂ ಬೇಡ," ಎಂದಳು ಅತ್ತೆ. "ಹೂಂ ಎಲ್ರೂ ಅಂತಾರೆ, ಸಾಯೋರೂ ಅಂತಾರೆ. ಉದ್ದದ್ದು ಹೇಳು. ನಿಮ್ಮವ್ವ ನಂಗೆ ಮುಚ್ಚಿಟ್ಟಿದ್ದಕ್ಕೆ ಆಮೇಲೆ ಜಗಳ ಆಡ್ತೀನಿ, ಈಗಲ್ಲ. ನಿಮ್ಮ ಊರಿಂದು ಹೇಳು. ಎಷ್ಟು ಎಮ್ಮೆ ಇದ್ವು?"

ಆಂಜನಮ್ಮ ಹೇಳಿದಳು. ಒಂದೊಂದು ಮಾತಿಗೂ ಬಾಗಿಲು ತಳ್ಳಿದಂತೆ ತಳ್ಳಬೇಕಿತ್ತು. ಎಮ್ಮೆಗಳ ಹೆಸರು ಹೇಳಿದಳು, ಅಣ್ಣ ಬಾವಿಗೆ ಬಿದ್ದದ್ದು ಹೇಳಿದಳು. ಮಧ್ಯಾಹ್ನ ಕಾಲಿನ ಬೆರಳುಗಳಿಗೆ ಕೆಂಪು ಬಂತು, ಆಮೇಲೆ ನೋವು ಬಂತು. ನೋವು ಬಂದದ್ದು ಒಳ್ಳೆಯದು ಎಂದು ನರ್ಸಮ್ಮ ಹೇಳಿ ಹೋದಳು. ಮುನಿನಾರಾಯಣಪ್ಪ ಸೈಕಲ್ ತುಳಿದುಕೊಂಡು ಬಂದು, ಬೆವರು ಒರೆಸದೆ ಚಾಪೆಯ ಅಂಚಿನಲ್ಲಿ ಕೂತ. ಹೆಂಡತಿ ಉಗ್ಗುತ್ತಾ ಹೇಳುತ್ತಿದ್ದ ಕತೆ ಕೇಳಿ ತಾಯಿಯ ಮುಖ ನೋಡಿದ.

"ನಿಂಗೆ ಗೊತ್ತಿತ್ತಾ?" ಎಂದಳು ತಾಯಿ.

"ನಿದ್ದೇಲಿ ಮಾತಾಡ್ತಾಳೆ," ಎಂದ ಅವನು. "ಎಮ್ಮೇನ ಬೈತಾಳೆ."

"ಹೇಳ್ಬಾರ್ದಾಗಿತ್ತಾ ನನ್ ಮಗ್ನೇ?"

"ಅವಳೇ ಹೇಳ್ಲಿ ಅಂತ ಕಾಯ್ತಿದ್ದೆ."

ಸಂಜೆಗೆ ಚಲುವಯ್ಯ ನಡೆದುಕೊಂಡು ಬಂದ. ಇಡೀ ದಿನ ಒಂದು ಕುದುರೆಗೂ ಲಾಳ ಹೊಡೆದಿರಲಿಲ್ಲ. ಕಂಬದ ಹತ್ತಿರ ಕೂತು, ಮೊದಲು ಹಿಮ್ಮಡಿ ನೋಡಿದ, ಆಮೇಲೆ ಮುಖ ನೋಡಿದ. "ಡಾಕ್ಟ್ರು ಏನಂದ್ರು?" ಎಂದು ಯಾರನ್ನೋ ಕೇಳಿದ. ಚಿಕ್ಕಮುನಿಯಮ್ಮ ಬಾಯಿ ತೆರೆದವಳು ಮುಚ್ಚಿಕೊಂಡು ಸೊಸೆಯ ಕಡೆ ಗಲ್ಲ ತೋರಿಸಿದಳು. ಅವಳೇ ಹೇಳಬೇಕು.

ದೀಪಕ್ಕೆ ಕಪ್ಪು ಕಾಗದ ಸುತ್ತಿದ್ದರು, ಯುದ್ಧದ ಕಟ್ಟಳೆ. ಆ ಮಬ್ಬಿನಲ್ಲಿ ರೆಪ್ಪೆ ಇಳಿಯುತ್ತಿದೆಯೋ ಇಲ್ಲವೋ ಸರಿಯಾಗಿ ಕಾಣುತ್ತಿರಲಿಲ್ಲ. ಕಿವಿಯೊಂದೇ ಉಳಿದಿತ್ತು.

"ಡಾ... ಡಾಕ್ಟ್ರು... ಬೆ..." ಅಲ್ಲಿ ಸಿಕ್ಕಿಕೊಂಡಿತು. ಇಷ್ಟು ಹೊತ್ತು ಸಿಕ್ಕಿಕೊಂಡಿದ್ದಕ್ಕಿಂತ ಉದ್ದಕ್ಕೆ. ಅವಳ ಕಣ್ಣು ಅರ್ಧ ಮುಚ್ಚಿದವು. ಚಲುವಯ್ಯ ಎದ್ದು ನಿಂತುಬಿಟ್ಟ. ಮುನಿನಾರಾಯಣಪ್ಪ ವಾರ್ಡಿನ ಬಾಗಿಲ ಕಡೆ ತಿರುಗಿದ. ಚಿಕ್ಕಮುನಿಯಮ್ಮ ಕೈಯೆತ್ತಿ ಇಬ್ಬರನ್ನೂ ತಡೆದಳು. ಇಡೀ ದಿನ ಆ ಉಗ್ಗನ್ನು ಕೇಳಿದ್ದಳು. ಎಲ್ಲಿ ನಿಲ್ಲುತ್ತದೆ, ಹೇಗೆ ಹತ್ತಿ ಇಳಿಯುತ್ತದೆ ಎಂದು ಸ್ವಲ್ಪ ತಿಳಿದಿತ್ತು. ಸ್ವಲ್ಪ ಮಾತ್ರ. ಇದು ಅದೇ ಉಗ್ಗೋ, ಬೇರೆಯೋ?

"ಬೆ... ಬೆಳಗಿನ್ ತನಕ ಮಾತಾಡ್ತಾ ಇರು ಅಂದ್ರು ಮಾ... ಮಾವ. ಕೂ... ಕೂತ್ಕೊಳ್ಳಿ."

ಚಲುವಯ್ಯ ಕೂತ. ಆಂಜನಮ್ಮ ಒಂದು ಗುಟುಕು ನೀರು ಕುಡಿದು, ಮುಂದಿನ ಮಾತನ್ನು ತಳ್ಳಲು ಶುರುಮಾಡಿದಳು.